ಬೋರ್ಡಿನ ಹಿಂದೆ ಎರಡು ತುಂಡು

"ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು."

ಅಷ್ಟೇ. ವಿದ್ಯುತ್ ಇಲಾಖೆಯ ಪರಿವೀಕ್ಷಕ ಸುಟ್ಟ ತಂತಿಯ ಎಳೆಗಳನ್ನು ಒಟ್ಟು ಮಾಡಿ ಮತ್ತೊಮ್ಮೆ ಎಣಿಸಿದ. ಇವನ ಮುಖ ನೋಡಿ ಎಳೆಗಳೇನು ಹೆಚ್ಚಾಗುವುದಿಲ್ಲವಲ್ಲ, ಎರಡನೇ ಸಲವೂ ಇಪ್ಪತ್ತೆರಡೇ ಬಂತು. ಕೂದಲಿನಂಥ ಇಪ್ಪತ್ತೆರಡು ತಾಮ್ರದ ಎಳೆ ಅಂದರೆ ಒಂದೂವರೆ ಎಂಎಂ ತಂತಿ. ನಾಲ್ಕು ಬಲ್ಬು, ಒಂದು ಫ್ಯಾನು ಇರುವ ಕೋಣೆಗೆ ಹೇಳಿ ಮಾಡಿಸಿದ್ದು. ಇಲ್ಲಿ ಅದರ ತಲೆಯ ಮೇಲೆ ಒಂದು ಹಬೆ ಬಾಯ್ಲರನ್ನೂ ಎರಡು ದೊಡ್ಡ ಇಸ್ತ್ರಿಪೆಟ್ಟಿಗೆಗಳನ್ನೂ ಹೊರಿಸಿದ್ದರು.

ಒಂಬತ್ತು ದಿನದ ಹಿಂದೆ ಲಾಂಡ್ರಿಯ ಈ ಹಿಂಬದಿ ಕೋಣೆಯಲ್ಲಿ ಗೋಡೆಯೊಳಗಿಂದ ಬೆಂಕಿ ಎದ್ದು, ಇಸ್ತ್ರಿ ಮಾಡುತ್ತಿದ್ದ ಹೆಂಗಸು ಸತ್ತಿದ್ದಳು. ವೈರಿಂಗ್ ಮಾಡಿದ್ದ ದೊಡ್ಡ ಮೇಸ್ತ್ರಿಯನ್ನು ಪೊಲೀಸರು ನಿನ್ನೆ ಹಿಡಿದು, ಕೋರ್ಟಿನಿಂದ ಎರಡು ದಿನ ತಮ್ಮ ವಶಕ್ಕೆ ಪಡೆದಿದ್ದರು. ನಾಳೆ ಬೆಳಗ್ಗೆ ಹನ್ನೊಂದಕ್ಕೆ ಮೇಸ್ತ್ರಿಯನ್ನು ಮತ್ತೆ ಕೋರ್ಟಿಗೆ ಒಯ್ಯುವಾಗ ಪರಿವೀಕ್ಷಕನ ವರದಿಯೂ ಜೊತೆಗೆ ಹೋಗಬೇಕು. ಗೋಡೆಯಲ್ಲಿ ಎಷ್ಟು ದಪ್ಪದ ತಂತಿ ಇತ್ತು, ಅದನ್ನು ಎಳೆದವರು ಯಾರು? ವರದಿಯಲ್ಲಿ ಬರೆಯಬೇಕಾದದ್ದು ಇಷ್ಟೇ.

ಇಷ್ಟೇ ಅಂದರೂ ಪರಿವೀಕ್ಷಕನ ಕೈ ಓಡುತ್ತಿರಲಿಲ್ಲ. ಮೂವತ್ತು ವರ್ಷದ ಹಿಂದೆ ಅವನ ಕೈಗೆ ಮೊದಲ ಸ್ಕ್ರೂಡ್ರೈವರ್ ಕೊಟ್ಟವರು ಈ ದೊಡ್ಡ ಮೇಸ್ತ್ರಿಯೇ.

ಮೇಸ್ತ್ರಿ ನಿನ್ನೆ ಒಂದು ಹೇಳಿಕೆ ಕೊಟ್ಟಿದ್ದರು, "ನಾನು ಎಳೆದಿದ್ದು ನಾಲ್ಕು ಎಂಎಂ." ಇವತ್ತು ಬೆಳಗ್ಗೆ ಪೊಲೀಸರು ಸುಟ್ಟ ತಂತಿಯ ಕಂತೆಯನ್ನು ತಂದು ಮುಂದಿಟ್ಟರು. ಮೇಸ್ತ್ರಿ ಅದನ್ನು ತಿರುವಿ ತಿರುವಿ ನೋಡಿ, "ತಪ್ಪು ನನ್ನದೇ, ಸಣ್ಣದನ್ನೇ ಎಳೆದೆ" ಅಂದುಬಿಟ್ಟರು. ಪೊಲೀಸರಿಗೆ ಅದೇ ಬೇಕಾಗಿತ್ತು. ಪರಿವೀಕ್ಷಕ ಮಾತ್ರ ಆ ಮಾತನ್ನು ನಂಬಿರಲಿಲ್ಲ.

"ಇನ್ನೂ ಎಷ್ಟು ಹೊತ್ತು ಸಾರ್?" ಬಾಗಿಲಲ್ಲಿ ನಿಂತಿದ್ದ ಲಾಂಡ್ರಿ ಯಜಮಾನ ಕೇಳಿದ. ಮೂಗಿಗೆ ಕರ್ಚೀಫು ಒತ್ತಿಕೊಂಡಿದ್ದ. ಅವನ ಕರ್ಚೀಫಿಗೆ ಮಾತ್ರ ಇಸ್ತ್ರಿ ಗೆರೆ ಚೆನ್ನಾಗಿತ್ತು.

"ಎಣಿಸೋದು ಮುಗಿಯೋವರೆಗೆ."

"ಸತ್ತೋಳು ಪಾಪದೋಳು ಸಾರ್. ಹಿಂದೆ ಮುಂದೆ ಯಾರೂ ಇರಲಿಲ್ಲ. ಮಧ್ಯಾಹ್ನದ ಬುತ್ತಿ ತಿನ್ನೋಕೂ ಹೊರಗೆ ಬರ್ತಿರಲಿಲ್ಲ. ಅಗೋ ಆ ಗೋಡೆಗೆ ಬೆನ್ನು ಕೊಟ್ಟು ಕೂತ್ಕೊಂಡು ತಿನ್ನೋಳು, ಬೆಚ್ಚಗಿದೆ ಅಂತ."

ಪರಿವೀಕ್ಷಕ ತಲೆ ಎತ್ತಿದ. "ಬೆಚ್ಚಗಿದೆ ಅಂದ್ಲಾ? ಯಾವಾಗಿಂದ?"

"ಒಂದೆರಡು ತಿಂಗಳಿಂದ ಇರಬೇಕು. ನಗ್ತಾ ಹೇಳೋಳು. ಮನೇಲೂ ಇಂಥ ಗೋಡೆ ಇದ್ದಿದ್ರೆ ಚೆನ್ನಾಗಿತ್ತು ಅಂತ."

ಯಜಮಾನನಿಗೆ ತಾನು ಏನು ಹೇಳಿದೆ ಅನ್ನುವುದರ ಅರಿವೇ ಇರಲಿಲ್ಲ. ಗೋಡೆಯೊಳಗೆ ತಂತಿ ಎರಡು ತಿಂಗಳಿಂದ ಕಾಯುತ್ತಿತ್ತು. ಯಾರೂ ಇಲ್ಲದ ಹೆಂಗಸು ಒಬ್ಬಳು ಅದರ ಕಾವಿಗೆ ಬೆನ್ನು ಕೊಟ್ಟು, ಯಾರೋ ಪಕ್ಕದಲ್ಲಿ ಇದ್ದಂತೆ ಅಂದುಕೊಂಡು ಊಟ ಮಾಡುತ್ತಿದ್ದಳು. ಒಬ್ಬರೇ ಕೂತು ತಿನ್ನುವ ಊಟ ಎಂಥದ್ದು ಎಂದು ಪರಿವೀಕ್ಷಕನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಹೆಂಡತಿ ತೀರಿಹೋದ ಮೇಲೆ ಮೂರು ವರ್ಷದಿಂದ ಅವನು ಉಣ್ಣುತ್ತಿದ್ದುದೂ ಅದನ್ನೇ.

ಅವನು ಎದ್ದು ಮುಂದಿನ ಕೋಣೆಗೆ ಬಂದ. ಅಲ್ಲಿ ಬಟ್ಟೆ ಒಣಗಿಸುವ ಹೊಸ ಯಂತ್ರ ಮದುಮಗನ ಹಾಗೆ ನಡುವೆ ನಿಂತಿತ್ತು. ಅದಕ್ಕೆ ಹೋಗಿದ್ದ ಕೆಂಪು ತಂತಿಯನ್ನು ಗೋಡೆಯ ಮೇಲೆಯೇ ಕ್ಲಿಪ್ಪು ಹೊಡೆದು ಎಳೆದಿದ್ದರು.

"ಈ ಮಿಶನ್ ಯಾವಾಗ ಬಂತು?"

"ಎರಡು ತಿಂಗಳಾಯ್ತು ಸಾರ್."

"ಈ ವೈರು?"

"ಹೊಸದು ಸಾರ್. ಮಿಶನ್ ಜೊತೇಲೇ ತರಿಸಿದ್ದು."

ಪರಿವೀಕ್ಷಕ ಬೆರಳಿನಿಂದ ತಂತಿಯನ್ನು ಸವರಿದ. ಹೊಸ ತಂತಿಗೆ ಸುರುಳಿಯ ಬಾಗು ಇರುತ್ತದೆ. ಇದಕ್ಕೆ ಮೂರು ಕಡೆ ಗಟ್ಟಿ ತಿರುವುಗಳಿದ್ದವು, ಅಲ್ಲಿ ತಿರುಗುವ ಅಗತ್ಯವೇ ಇಲ್ಲದಿದ್ದರೂ. ಗೋಡೆಯ ಪೈಪಿನಲ್ಲಿ ವರ್ಷಗಟ್ಟಲೆ ಮಲಗಿದ ತಂತಿ ಹೊರಗೆ ಬಂದರೂ ತನ್ನ ಮೂಲೆಗಳನ್ನು ಮರೆಯುವುದಿಲ್ಲ. ಹಿಂದಿನ ಕೋಣೆಯ ಪೈಪಿಗೂ ಮೂರೇ ತಿರುವು ಇತ್ತು.

ಅಂದರೆ ಹಿಂದಿನ ಗೋಡೆಯ ದಪ್ಪ ತಂತಿಯನ್ನು ಯಾರೋ ಕಿತ್ತು ಮುಂದಿನ ಯಂತ್ರಕ್ಕೆ ಕೊಟ್ಟಿದ್ದರು. ಹಿಂದಿನ ಕೋಣೆಗೆ ಸಣ್ಣದು ತುರುಕಿ ಕೈ ತೊಳೆದುಕೊಂಡಿದ್ದರು.

"ಎಳೆದವರು ಯಾರು?"

"ಯಾರೋ ಸಾರ್. ಬಂದ, ಮಾಡಿದ, ಹೋದ. ನಾನು ಹೆಸರು ಕೇಳಲಿಲ್ಲ. ಹಿಂದಿನ ಕೋಣೇನ ಯಾರೂ ಮುಟ್ಟಿಲ್ಲ, ಅದೆಲ್ಲಾ ದೊಡ್ಡ ಮೇಸ್ತ್ರಿದೇ."

ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ, ಹೊರೆ ಹೆಚ್ಚಾದರೆ ತಾನೇ ಬಿದ್ದು ಕರೆಂಟು ಕಡಿಯುವ ಆರು ಬ್ರೇಕರುಗಳು ಸಾಲಾಗಿದ್ದವು. ಐದು ಧೂಳು ಕುಡಿದು ಹಳದಿಯಾಗಿದ್ದವು. ಹಿಂದಿನ ಕೋಣೆಯದು ಮಾತ್ರ ಹಾಲಿನಂತೆ ಬಿಳುಪಾಗಿತ್ತು, ಇಪ್ಪತ್ತೈದು ಆಂಪಿಯರಿನದು. ಒಂದೂವರೆ ಎಂಎಂ ತಂತಿಗೆ ಇಪ್ಪತ್ತೈದರ ಬ್ರೇಕರ್ ಹಾಕುವುದೂ ಒಂದೇ, ಕಾವಲುಗಾರನಿಗೆ ನಿದ್ದೆ ಮಾತ್ರೆ ಕೊಡುವುದೂ ಒಂದೇ. ತಂತಿ ಉರಿದು ಹೋದರೂ ಅದು ಬೀಳುವುದಿಲ್ಲ.

"ಇದೂ ಮೇಸ್ತ್ರಿ ಹಾಕಿದ್ದಾ?"

"ಹೂಂ ಸಾರ್. ಹೋದ ವರ್ಷ."

"ಹೋದ ವರ್ಷದ್ದು ಇಷ್ಟು ಬೆಳ್ಳಗಿದೆಯಾ? ಅದನ್ನೂ ಒಗೆದು ಕೊಡ್ತೀರೇನು?"

ಯಜಮಾನ ಕರ್ಚೀಫನ್ನು ಮೂಗಿನಿಂದ ಹಣೆಗೆ ತಂದ. ಅಷ್ಟರಲ್ಲಿ ಹೊರಗೆ ಯಾರೋ ಗಿರಾಕಿ ಕರೆದದ್ದು ಅವನ ಪುಣ್ಯ.

ಒಬ್ಬನೇ ಉಳಿದ ಪರಿವೀಕ್ಷಕ ಹಿಂದಿನ ಕೋಣೆಗೆ ಮರಳಿ ಬಾಗಿಲ ಹತ್ತಿರದ ಸ್ವಿಚ್ ಬೋರ್ಡಿನ ಮುಂದೆ ನಿಂತ. ಮಸಿ ಹಿಡಿದಿತ್ತೇ ಹೊರತು ಬೆಂಕಿ ಅಲ್ಲಿವರೆಗೆ ಬಂದಿರಲಿಲ್ಲ. ಪೊಲೀಸರು ಅದನ್ನು ಬಿಚ್ಚಿರಲಿಲ್ಲ, ಬಿಚ್ಚಬೇಕೆಂದು ಅವರಿಗೆ ತಿಳಿಯುವುದಾದರೂ ಹೇಗೆ? ಅದು ದೊಡ್ಡ ಮೇಸ್ತ್ರಿಯ ಗರಡಿಯ ಪದ್ಧತಿ.

ಮೇಸ್ತ್ರಿ ಬೋರ್ಡು ಮುಚ್ಚುವ ಮುಂಚೆ ಗೋಡೆಯೊಳಗೆ ಎಳೆದ ತಂತಿಯದೇ ಒಂದು ಗೇಣು ತುಂಡನ್ನು ಮಡಿಚಿ, ಟೇಪು ಸುತ್ತಿ ಪೆಟ್ಟಿಗೆಯ ಮೂಲೆಯಲ್ಲಿ ಇಡುತ್ತಿದ್ದರು. "ನಾಳೆ ಇನ್ನೊಬ್ಬ ಬಂದು ಬಿಚ್ತಾನೆ ಕಣ್ರೋ. ಒಳಗೆ ಎಂಥ ತಂತಿ ಮಲಗಿದೆ ಅಂತ ಅವನಿಗೆ ಗೋಡೆ ಒಡೆಯದೇ ಗೊತ್ತಾಗಬೇಕು. ತಂತಿ ಬದಲಾಯಿಸಿದ್ರೆ ಹಳೇ ತುಂಡು ತೆಗೀಬೇಡಿ, ನಿಮ್ಮದನ್ನ ಪಕ್ಕದಲ್ಲಿಡಿ." ಊರಿನ ಬೇರೆ ಕೆಲಸಗಾರರು ಇದನ್ನು ಕೇಳಿ ನಗುತ್ತಿದ್ದರು. ಈ ಪಾಠ ಕಲಿತವರು ಇಬ್ಬರೇ. ಒಬ್ಬ ಪರಿವೀಕ್ಷಕ. ಇನ್ನೊಬ್ಬ ಅವನ ಒಡಹುಟ್ಟಿದ ತಮ್ಮ.

ನಾಲ್ಕು ಸ್ಕ್ರೂ ಬಿಚ್ಚಿದ. ಬೋರ್ಡು ಕೈಗೆ ಬಂತು. ಟಾರ್ಚು ಬಿಟ್ಟು ನೋಡಿದ.

ಮೂಲೆಯಲ್ಲಿ ತುಂಡು ಇತ್ತು. ದಪ್ಪನೆಯದು. ತುದಿ ಸುಲಿದು ಎಣಿಸಿದ, ಐವತ್ತಾರು ಎಳೆ. ನಾಲ್ಕು ಎಂಎಂ! ಮೇಸ್ತ್ರಿ ನಿನ್ನೆ ಹೇಳಿದ್ದೇ ನಿಜ. ಪರಿವೀಕ್ಷಕನಿಗೆ ಖುಷಿಯಿಂದ ಒಂದು ಶಿಳ್ಳೆ ಹೊಡೆಯೋಣವೆನಿಸಿತು. ಗುರುಗಳನ್ನು ನಾಳೆಯೇ ಬಿಡಿಸಿಕೊಂಡು ಬರಬಹುದು.

ಆಮೇಲೆ ಅದರ ಪಕ್ಕ ಇನ್ನೊಂದು ಕಾಣಿಸಿತು.

ಸಣ್ಣ ತುಂಡು. ಅದೇ ಗೇಣುದ್ದ, ಅದೇ ಮಡಿಕೆ, ಅದೇ ಟೇಪು. ಇಪ್ಪತ್ತೆರಡು ಎಳೆ. ಒಂದೇ ಒಂದು ವ್ಯತ್ಯಾಸ. ಮಡಿಕೆಯನ್ನು ಮೇಲೆ ಮಾಡಿ ಹಿಡಿದರೆ ಮೇಸ್ತ್ರಿಯ ಟೇಪು ಬಲಕ್ಕೆ ಸುತ್ತುತ್ತಿತ್ತು, ಇದು ಎಡಕ್ಕೆ.

ಗೋಡೆಯೊಳಗೆ ಸುಳ್ಳು ತಂತಿ ಎಳೆದ ಕೈಗೆ ಹಳೆಯ ಅಭ್ಯಾಸ ಬಿಡಲು ಆಗಿರಲಿಲ್ಲ. ಬೋರ್ಡು ಮುಚ್ಚುವ ಮುಂಚೆ ತನಗೆ ತಾನೇ ಸಾಕ್ಷಿ ಇಟ್ಟು ಹೋಗಿತ್ತು. ಜಗತ್ತಿನ ಇನ್ನಾವ ಕೆಲಸಗಾರನೂ ಮಾಡದ ಈ ತಪ್ಪನ್ನು ಮಾಡಬಲ್ಲ ಎಡಚ ಒಬ್ಬನೇ, ಅವನ ತಮ್ಮ.

ಪರಿವೀಕ್ಷಕ ಮಹಜರು ಪುಸ್ತಕ ತೆರೆದ. ಪೆನ್ನಿನ ಮುಚ್ಚಳ ತೆಗೆದ. ಇಪ್ಪತ್ತು ವರ್ಷದ ನೌಕರಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದವನು ಅವನು. ಇವತ್ತು ಏನನ್ನೂ ಬರೆಯದೆ ಎರಡೂ ತುಂಡುಗಳನ್ನು ಷರ್ಟಿನ ಜೇಬಿಗೆ ಹಾಕಿಕೊಂಡ.

* * *

ಠಾಣೆಯ ಹಿಂದಿನ ಕೋಣೆಯಲ್ಲಿ ಮೇಸ್ತ್ರಿ ಬೆಂಚಿನ ತುದಿಯಲ್ಲಿ ಕೂತಿದ್ದರು. ಎಪ್ಪತ್ತು ವರ್ಷದ ಮೈ ಒಂದೇ ದಿನಕ್ಕೆ ಕುಗ್ಗಿತ್ತು. ಕಾವಲಿನ ಪೇದೆ ಸೌಜನ್ಯಕ್ಕೆ ಹೊರಗೆ ಹೋಗಿ ನಿಂತ.

"ಏನಾದ್ರೂ ತಿಂದ್ರಾ ಗುರುಗಳೇ?"

"ಆಯ್ತು. ನೀನು?"

"ಆಯ್ತು."

ಇಬ್ಬರೂ ಹೇಳಿದ್ದು ಸುಳ್ಳು. ಇಬ್ಬರಿಗೂ ಅದು ಗೊತ್ತಿತ್ತು.

"ಆ ಗೋಡೆಗೆ ನೀವು ಎಳೆದಿದ್ದು ನಾಲ್ಕು."

"ಒಂದೂವರೆ. ಬೆಳಗ್ಗೆ ಬರೆಸಿದ್ದೀನಲ್ಲ. ವಯಸ್ಸಾಯ್ತು ಕಣೋ, ಕೈತಪ್ಪಾಯ್ತು."

"ನಿಮಗೆ ಕೈತಪ್ಪಾ? ಕಣ್ಣು ಮುಚ್ಚಿ ಮುಟ್ಟಿ ತಂತಿ ಹೇಳೋಕೆ ಬರಲಿಲ್ಲ ಅಂತ ನಮ್ಮಿಬ್ಬರನ್ನೂ ಒಂದಿಡೀ ದಿನ ಕತ್ತಲೆ ಕೋಣೇಲಿ ಕೂರಿಸಿದವರು ನೀವು."

"ಅದೆಲ್ಲಾ ಹಳೇ ಕತೆ."

ಪರಿವೀಕ್ಷಕ ಮಾಮೂಲಿ ಮಾತಿನ ಹಾಗೆ ಕೇಳಿದ, "ಆ ಕೋಣೇಲಿ ಹೊರೆ ಎಷ್ಟಿತ್ತು?"

"ಇಪ್ಪತ್ತೆರಡು ಆಂಪಿಯರ್. ಬಾಯ್ಲರಿಗೆ ಹದಿಮೂರು, ಪೆಟ್ಟಿಗೆಗಳಿಗೆ ಒಂಬತ್ತು." ಮೇಸ್ತ್ರಿಯ ಬಾಯಿಂದ ಲೆಕ್ಕ ತಾನಾಗಿ ಉದುರಿತು.

"ಇಪ್ಪತ್ತೆರಡು ಅಂತ ಗೊತ್ತಿದ್ದೂ ಒಂದೂವರೆ ಎಳೆದ್ರಾ? ಮೊದಲು ಹೊರೆ ಕೇಳು, ಆಮೇಲೆ ದೂರ ಅಳಿ, ಆಮೇಲಷ್ಟೇ ತಂತಿಗೆ ಕೈ ಹಾಕು ಅಂತ ನಮ್ಮ ಕಿವಿ ಹಿಂಡಿದವರು?"

ಮೇಸ್ತ್ರಿ ಸಿಕ್ಕಿಬಿದ್ದಿದ್ದರು. ಮುಖ ಆ ಕಡೆ ತಿರುಗಿಸಿದರು.

ಪರಿವೀಕ್ಷಕ ಎರಡು ತುಂಡುಗಳನ್ನೂ ಬೆಂಚಿನ ಮೇಲಿಟ್ಟ. ಮೇಸ್ತ್ರಿ ದಪ್ಪನೆಯದನ್ನು ಮುಟ್ಟಿ ಬಿಟ್ಟರು. ಸಣ್ಣದನ್ನು ಕೈಗೆತ್ತಿಕೊಂಡರು. ಅವರ ಹೆಬ್ಬೆರಳು ಟೇಪಿನ ಸುತ್ತಿನ ಮೇಲೆ ಹೋಗಿ ಅಲ್ಲೇ ನಿಂತಿತು. ಬೆಳಗ್ಗೆ ಸುಟ್ಟ ಕಂತೆಯಲ್ಲಿ ಉಳಿದಿದ್ದ ಟೇಪಿನಲ್ಲೂ ಅವರು ಕಂಡದ್ದು ಇಂಥದ್ದೇ ಸುತ್ತು ಇರಬೇಕು, ಹೇಳಿಕೆ ಬದಲಿಸಿದ್ದು ಅದಕ್ಕೇ.

"ಇದನ್ನ ಯಾರಿಗಾದ್ರೂ ತೋರಿಸಿದ್ಯಾ?"

"ಇಲ್ಲ."

"ತೋರಿಸ್ಬೇಡ. ಒಲೆಗೆ ಹಾಕು."

"ನೀವು ಸುಳ್ಳು ಹೇಳಿ ಜೈಲಿಗೆ ಹೋಗೋದು, ನಾನು ಅದಕ್ಕೆ ಸಹಿ ಹಾಕೋದಾ?"

"ಸಹಿ ಹಾಕೋದು, ಹಾಕದೇ ಇರೋದು, ಎರಡೂ ನಿನಗೆ ಚೆನ್ನಾಗೇ ಬರುತ್ತಲ್ಲೋ!"

ಮಾತು ನಾಟಬೇಕಾದ ಕಡೆಯೇ ನಾಟಿತು. ಹನ್ನೆರಡು ವರ್ಷದ ಹಿಂದೆ ತಮ್ಮ ಸ್ವಂತವಾಗಿ ಮಾಡಿದ ಮೊದಲ ದೊಡ್ಡ ವೈರಿಂಗ್ ಕೆಲಸದ ತಪಾಸಣೆಗೆ ಅಣ್ಣನೇ ಹೋಗಿದ್ದ. ಒಂದು ಪ್ಲಗ್ಗಿಗೆ ಅರ್ತ್ ತಂತಿ ಇರಲಿಲ್ಲ. "ಸಂಜೆಯೊಳಗೆ ಹಾಕ್ತೀನಿ ಅಣ್ಣಾ, ಸಹಿ ಮಾಡು" ಎಂದು ತಮ್ಮ ಎಲ್ಲರೆದುರಿಗೆ ಬೇಡಿಕೊಂಡಿದ್ದ. ಅಣ್ಣ 'ಅನರ್ಹ' ಎಂದು ಬರೆದು ಪುಸ್ತಕ ಮುಚ್ಚಿದ್ದ. ಬರೆದದ್ದು ಸರಿಯೇ. ಆದರೆ ಆ ಸಂಜೆ ತಮ್ಮ ಮನೆಗೆ ಬರಲಿಲ್ಲ, ಆಮೇಲೆ ಎಂದೂ ಬರಲಿಲ್ಲ. ಪರಿವೀಕ್ಷಕನ ಹೆಂಡತಿ ಒಂಬತ್ತು ವರ್ಷ ಮೈದುನನಿಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದು, ಕಾಯುತ್ತಲೇ ತೀರಿಹೋದಳು. ಮನೆಯ ಇನ್ನೊಂದು ಬೀಗದಕೈ ಇವತ್ತಿಗೂ ಮೀಟರ್ ಪೆಟ್ಟಿಗೆಯ ಹಿಂದೆ, ಅವನು ಬಂದರೆ ಸಿಗಲೆಂದು ಅವಳು ಇಟ್ಟ ಜಾಗದಲ್ಲೇ ಇತ್ತು.

"ಎಲ್ಲಿದ್ದಾನೆ ಅವನು?" ಪರಿವೀಕ್ಷಕನ ದನಿ ಅವನಿಗೇ ಗುರುತು ಸಿಗಲಿಲ್ಲ.

"ಈಗ ಗೊತ್ತಿಲ್ಲ. ಎರಡು ತಿಂಗಳ ಹಿಂದೆ ಬಂದು ನನ್ನ ಕಾಲ ಹತ್ರ ಕೂತ. ಕೈಯಲ್ಲಿ ಕೆಲಸ ಇರಲಿಲ್ಲ, ಕಣ್ಣಲ್ಲಿ ಜೀವ ಇರಲಿಲ್ಲ. ಲಾಂಡ್ರಿಯವನು ಮಿಶನ್ನಿಗೆ ಜನ ಬೇಕು ಅಂತಿದ್ದ. ನಾನೇ ಕಳಿಸಿದೆ." ಮೇಸ್ತ್ರಿ ಮೂಗೊರೆಸಿಕೊಂಡರು. "ನಾನು ಕಳಿಸದೇ ಇದ್ದಿದ್ರೆ ಆ ಹೆಂಗಸು ಬದುಕಿರೋಳು. ಹಾಗಾದ್ರೆ ತಪ್ಪು ಯಾರದು, ನೀನೇ ಹೇಳು."

"ನಮ್ಮ ಮನೆಗೆ ಯಾಕೆ ಬರಲಿಲ್ಲ?"

"ಅಣ್ಣನ ಮುಖ ನೋಡೋ ಧೈರ್ಯ ಇಲ್ಲ ಅಂದ. ಅತ್ತಿಗೆ ಹೇಗಿದ್ದಾರೆ ಅಂತ ಮಾತ್ರ ಕೇಳ್ದ." ಮೇಸ್ತ್ರಿ ಎರಡೂ ತುಂಡುಗಳನ್ನು ಅವನ ಕೈಗೆ ಮರಳಿಸಿದರು. "ತೀರಿಕೊಂಡ್ರು ಅಂತ ನನ್ನ ಬಾಯಲ್ಲಿ ಬರಲಿಲ್ಲ ಕಣೋ. ಚೆನ್ನಾಗಿದ್ದಾರೆ, ಒಂದ್ಸಲ ಹೋಗಿ ನೋಡು ಅಂದುಬಿಟ್ಟೆ."

ಹೊರಗೆ ಪೇದೆ ಕೆಮ್ಮಿದ. ಹೊತ್ತಾಯಿತು ಅನ್ನುವುದಕ್ಕೆ ಅವನ ಭಾಷೆ ಅದು.

"ನಾಳೆ ಹನ್ನೊಂದಕ್ಕೆ ವರದಿ ಕೊಡ್ಬೇಕು ಗುರುಗಳೇ."

"ಕೊಡು. ನಾನು ಮುದುಕ, ಒಳಗಿದ್ರೂ ಒಂದೇ ಹೊರಗಿದ್ರೂ ಒಂದೇ. ಅವನನ್ನ ಇನ್ನೊಂದು ಸಲ ಕಳ್ಕೋಬೇಡ."

* * *

ಪರಿವೀಕ್ಷಕ ದಿನವೂ ಮನೆ ಸೇರುತ್ತಿದ್ದುದು ಎಂಟು ಕಳೆದ ಮೇಲೆ. ಬೇಗ ಹೋಗಿ ಮಾಡುವುದಾದರೂ ಏನು? ಗೋಡೆಗಳ ಜೊತೆ ಕುಶಲ ಮಾತಾಡಬೇಕು, ಅಷ್ಟೇ. ಇವತ್ತು ಕಚೇರಿಗೆ ಹೋಗಲು ಮನಸ್ಸಾಗದೆ ಆರೂವರೆಗೇ ಬೀದಿಯ ತಿರುವಿಗೆ ಬಂದ. ಎದುರು ಮನೆಯಲ್ಲಿ ಯಾರೋ ಯಾರನ್ನೋ ಊಟಕ್ಕೆ ಕೂಗುತ್ತಿದ್ದರು. ಅವನು ಜೇಬಿನ ಮೇಲೆ ಕೈ ಒತ್ತಿಕೊಂಡು ನಡೆದ. ದಪ್ಪ ತುಂಡನ್ನು ಮಾತ್ರ ಕೊಟ್ಟು ಗುರುಗಳನ್ನು ಬಿಡಿಸಿದರೆ, ಹಾಗಾದರೆ ಸಣ್ಣದು ಯಾರದೆಂದು ಕೋರ್ಟು ಕೇಳಿಯೇ ಕೇಳುತ್ತದೆ. ಎರಡನ್ನೂ ಒಲೆಗೆ ಹಾಕಿದರೆ ಗುರುಗಳು ಜೈಲಿನಲ್ಲೇ ಕಣ್ಣು ಮುಚ್ಚುತ್ತಾರೆ.

ಮನೆ ಚಿಕ್ಕದು. ಕೆಳಗೊಂದು ಕೋಣೆ, ಕಿಟಕಿಯಿಲ್ಲದ ಹನ್ನೊಂದು ಮೆಟ್ಟಿಲು, ಮೇಲೊಂದು ಕೋಣೆ. ಮದುವೆಯಾದ ವರ್ಷ ಮೆಟ್ಟಿಲಿನ ದೀಪಕ್ಕೆ ಅವನೇ ಎರಡು ಸ್ವಿಚ್ಚು ಹಾಕಿದ್ದ, ಕೆಳಗೊಂದು, ಮೇಲೊಂದು. ಯಾವುದನ್ನು ಒತ್ತಿದರೂ ದೀಪ ಹೊತ್ತುತ್ತದೆ, ಯಾವುದನ್ನು ಒತ್ತಿದರೂ ಆರುತ್ತದೆ. ಇವನು ಕೆಳಗೆ ಹಾಕಿ ಹತ್ತುತ್ತಿದ್ದ. ಕೊನೆಯ ಮೆಟ್ಟಿಲು ತಲುಪುವಾಗ ಅವಳು ಮೇಲಿನದನ್ನು ಒತ್ತಿ ಆರಿಸಿ ನಗುತ್ತಿದ್ದಳು.

ಅವಳು ಹೋದ ಮೇಲೆ ಅವನು ಮೇಲಿನ ಸ್ವಿಚ್ಚನ್ನು ಮುಟ್ಟಿರಲಿಲ್ಲ. ಕೆಳಗಿನದನ್ನೇ ಆರಿಸಿ ಹನ್ನೊಂದು ಮೆಟ್ಟಿಲನ್ನು ಕತ್ತಲಲ್ಲಿ ಎಣಿಸಿಕೊಂಡು ಹತ್ತುತ್ತಿದ್ದ. ಹುಚ್ಚು ಎಂದು ಅವನಿಗೂ ಗೊತ್ತಿತ್ತು. ಅವಳ ಫೋಟೋವನ್ನು ಗೋಡೆಗೆ ಹಾಕಿರಲಿಲ್ಲ. ಅವಳ ಚಪ್ಪಲಿಯನ್ನು ಬಾಗಿಲ ಪಕ್ಕದಿಂದ ತೆಗೆದಿರಲಿಲ್ಲ.

ಬಾಗಿಲ ಬೀಗ ತೆಗೆದೇ ಇತ್ತು.

ಮೀಟರ್ ಪೆಟ್ಟಿಗೆಯ ಹಿಂದೆ ಕೈ ಹಾಕಿದ. ಬೀಗದಕೈ ಇರಲಿಲ್ಲ. ಸದ್ದಾಗದಂತೆ ಬಾಗಿಲು ತಳ್ಳಿ ಒಳಗೆ ಕಾಲಿಟ್ಟ.

ಮೆಟ್ಟಿಲಿನ ದೀಪ ಉರಿಯುತ್ತಿತ್ತು.

ಕೆಳಗಿನ ಸ್ವಿಚ್ಚು ಬೆಳಗ್ಗೆ ಅವನು ಆರಿಸಿ ಹೋದ ಹಾಗೆಯೇ ಇತ್ತು. ಮೇಲಿನದನ್ನು ಯಾರೋ ಒತ್ತಿದ್ದರು. ಒಂದು ಗಳಿಗೆ, ಒಂದೇ ಒಂದು ಗಳಿಗೆ, ಅವನ ಎದೆ ನಂಬಬಾರದ್ದನ್ನು ನಂಬಿಬಿಟ್ಟಿತು. ಅಷ್ಟರಲ್ಲಿ ಅವಳ ಚಪ್ಪಲಿಯ ಪಕ್ಕ ಬಿಟ್ಟಿದ್ದ ಹಿಮ್ಮಡಿ ಸವೆದ ಗಂಡಸಿನ ಚಪ್ಪಲಿ ಕಂಡಿತು. ಮೊದಲ ಮೆಟ್ಟಿಲ ಮೇಲೆ ಒಂದು ಹಳೆಯ ಚೀಲ. ಅದರ ಬಾಯಿಂದ ಎಡಕ್ಕೆ ಸುತ್ತಿದ ಟೇಪಿನ ಹಿಡಿಯ ಕಟಿಂಗ್ ಪ್ಲೇಯರು ಇಣುಕುತ್ತಿತ್ತು.

ಹನ್ನೆರಡು ವರ್ಷ. ಅವನಿಗೆ ಮೊದಲು ಬಂದದ್ದು ಸಿಟ್ಟಲ್ಲ, ಭಯವೂ ಅಲ್ಲ. ಮನೆಯಲ್ಲಿ ಇನ್ನೊಬ್ಬರಿದ್ದಾರೆ ಅನ್ನುವ ಸಂತೋಷ. ಅದಕ್ಕೆ ಅವನಿಗೇ ನಾಚಿಕೆಯಾಯಿತು.

ಕಾಲ ಕೆಳಗಿನ ಹಲಗೆ ಕಿರುಗುಟ್ಟಿತು. ಮೇಲಿನಿಂದ ಒಂದು ದನಿ, ಮೆಲ್ಲಗೆ, ಒಳಗೊಳಗೇ ಅಳುತ್ತಿದ್ದ ದನಿ:

"ಅತ್ತಿಗೇ... ಬಂದ್ರಾ?"

ಪರಿವೀಕ್ಷಕ ಮೆಟ್ಟಿಲಿಗೆ ಎತ್ತಿದ ಕಾಲನ್ನು ಕೆಳಗಿಟ್ಟ.

"ಅಣ್ಣ ಬರೋಕೆ ಇನ್ನೂ ಹೊತ್ತಿದೆ ಅಲ್ವಾ? ಮೇಲೆ ಬರಬೇಡಿ, ಅಲ್ಲೇ ಇರಿ. ನಿಮ್ಮ ಮುಖ ನೋಡಿಕೊಂಡು ಹೇಳೋಕೆ ನನ್ನಿಂದ ಆಗಲ್ಲ." ಉಸಿರೆಳೆದುಕೊಂಡ ಸದ್ದು. "ಲಾಂಡ್ರೀಲಿ ಸಣ್ಣ ವೈರು ಎಳೆದಿದ್ದು ನಾನೇ. ಬರೀ ಬಟ್ಟೆ ಇಡೋ ಕೋಣೆ ಮಾಡ್ತೀವಿ, ಎರಡು ಬಲ್ಬು ಸಾಕು ಅಂದ್ರು ಯಜಮಾನ್ರು. ನಾನು ಆರು ಆಂಪಿಯರಿನ ಬ್ರೇಕರ್ ಹಾಕಿದ್ದೆ. ಅದನ್ನ ಕಿತ್ತು ಇಪ್ಪತ್ತೈದರದ್ದು ಹಾಕಿದವರನ್ನ ನಾನು ಕಣ್ಣಾರೆ ನೋಡಿದ್ದೀನಿ ಅತ್ತಿಗೆ. ನೋಡಿಯೂ ಸುಮ್ಮನಿದ್ದೆ. ಅವರು ಯಾರು ಅಂತ ಗೊತ್ತಾದ್ರೆ ಅಣ್ಣ ತಡ್ಕೊಳ್ಳಲ್ಲ."

ಯಾರು ಎಂದು ಕೇಳಬೇಕು. ಕೇಳಿದರೆ, ಕೆಳಗೆ ನಿಂತಿರುವುದು ಅತ್ತಿಗೆಯಲ್ಲ ಎಂದು ತಿಳಿಯುತ್ತದೆ. ಅತ್ತಿಗೆ ಇನ್ನಿಲ್ಲ ಎಂದೂ ತಿಳಿಯುತ್ತದೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಅವನು ಜೇಬಿನಿಂದ ಸಣ್ಣ ತುಂಡನ್ನು ತೆಗೆದು ಮುಷ್ಟಿಯಲ್ಲಿ ಹಿಡಿದ.

"ಯಾಕತ್ತಿಗೆ," ಮೇಲಿನಿಂದ ತಮ್ಮ ಕೇಳಿದ, "ಮಾತೇ ಆಡ್ತಿಲ್ಲ?"